ಅಟ್ಟದ ಮೇಲಿನ ದುರ್ಬೀನು ಕೋವಿಯದ್ದೋ, ಸರ್ವೇಯದ್ದೋ?

ಹೊಸನಗರದ ಭಾವ ಮನೆ ಗ್ರೂಪಿಗೆ ಒಂದು ಫೋಟೊ ಹಾಕಿದರು. ಹಿತ್ತಾಳೆ ಕೊಳವೆ, ಎರಡೂ ತುದಿಗೆ ಗಾಜು, ಅಲ್ಲಲ್ಲಿ ಹಸಿರು ಕಿಲುಬು. ಅಟ್ಟ ಗುಡಿಸುವಾಗ ಸಿಕ್ಕಿತಂತೆ. "ಅಜ್ಜನ ಕೋವಿಯ ದುರ್ಬೀನು, ಬ್ರಿಟಿಷರ ಕಾಲದ್ದು. ಮನೆಯವರಿಗೆ ಯಾರಿಗೂ ಬೇಡ ಅಂದ್ರೆ ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕ್ತೇನೆ" ಅಂತ ಕೆಳಗೆ ಬರೆದಿದ್ದರು. ಆಮೇಲಿನ ಮಾತುಕತೆ ಇದು. ನಡುನಡುವೆ ಬಂದ ಶುಭೋದಯದ ಹೂವುಗಳನ್ನು ಬಿಟ್ಟಿದ್ದೇನೆ.

ಸಾಗರದ ಚಿಕ್ಕಪ್ಪ: ಅಳಿಯಂದ್ರೇ, ಸ್ವಲ್ಪ ತಾಳಿ. ಇದು ಕೋವಿಯದ್ದಲ್ಲ. ಸರ್ವೇಯವರು ಜಾಗದ ಏರುತಗ್ಗು ಅಳೆಯೋ ಡಂಪಿ ಲೆವೆಲ್‌ನ ಕೊಳವೆ. ಕಾಲುವೆ ಕೆಲಸದಲ್ಲಿ ಇಂಥದ್ದಕ್ಕೇ ಕಣ್ಣು ಹಚ್ಚಿ ನನ್ನ ತಲೆ ನೆರೆಯಿತು.

ಭಾವ: ಒಳಗೆ ಪ್ಲಸ್ ಗುರುತು ಇದೆ ಮಾವ. ಗುರಿ ಇಡೋಕಲ್ಲದೆ ಮತ್ಯಾಕೆ?

ಚಿಕ್ಕಪ್ಪ: ಗುರಿಗೇ. ಆದರೆ ಈಡು ಹೊಡೆಯೋ ಗುರಿ ಅಲ್ಲ. ಅಡ್ಡ ಗೆರೆ ಎಷ್ಟಿದೆ ನೋಡಿ.

ಭಾವ: ಮೂರು. ನಡುವಿನದ್ದು ಉದ್ದ. ಮೇಲೊಂದು, ಕೆಳಗೊಂದು ಗಿಡ್ಡ.

ಚಿಕ್ಕಪ್ಪ: ಹಾಂ. ದೂರದಲ್ಲಿ ಅಳತೆ ಕೋಲು ನಿಲ್ಲಿಸ್ತೇವೆ. ಮೇಲಿನ ಗೆರೆ 1.420 ಮೀಟರ್ ತೋರಿಸಿತು, ಕೆಳಗಿನದ್ದು 1.180 ಅಂದ್ಕೊಳ್ಳಿ. ವ್ಯತ್ಯಾಸ 0.240. ಅದಕ್ಕೆ 100ರಿಂದ ಗುಣಿಸಿದರೆ 24 ಮೀಟರ್ ದೂರ. ಟೇಪ್ ಹಿಡಿದು ಗದ್ದೆಗೆ ಇಳಿಯೋದೇ ಬೇಡ.

ಬೆಂಗಳೂರಿನ ತಮ್ಮ: ಚಿಕ್ಕಪ್ಪ, ಸೈನ್ಯದ ರೈಫಲ್ ದುರ್ಬೀನಿನಲ್ಲೂ ದೂರ ಅಳೆಯೋ ಗುರುತು ಇರುತ್ತೆ. ಮಿಲ್ ಅಂತಾರೆ. 1000 ಮೀಟರ್ ದೂರದ 1 ಮೀಟರ್ ಎತ್ತರದ ವಸ್ತು 1 ಮಿಲ್ ಕಾಣುತ್ತೆ. ಗೆರೆ ಇದೆ ಅಂತ ಸರ್ವೇಯದ್ದು ಅನ್ನೋಕೆ ಆಗಲ್ಲ.

ತಮ್ಮನ ಮಾತು ಸರಿಯೇ. ಚಿಕ್ಕಪ್ಪನೂ ಒಪ್ಪಿಕೊಂಡರು. ಭಾವನಿಗೆ ಅಷ್ಟೇ ಸಾಕಾಯಿತು.

ಭಾವ: ನೋಡಿದ್ರಾ! ಕೋವಿಯದ್ದೇ.

ಚಿಕ್ಕಪ್ಪ: ಗೆರೆ ಬಿಡಿ. ಅಂಗಳದ ಅಡಿಕೆ ಮರ ಅದರಲ್ಲಿ ಹೇಗೆ ಕಾಣುತ್ತೆ?

ಭಾವ: ತಲೆಕೆಳಗೆ. ಗಾಜು ಹಾಳಾಗಿದೆ, ಮಾರುವಾಗ ಹೇಳೋದು ಬೇಡ ಅಂತಿದ್ದೆ.

ಚಿಕ್ಕಪ್ಪ: ಏನೂ ಹಾಳಾಗಿಲ್ಲ ಮಾರಾಯ್ರೇ! ಹಳೇ ಲೆವೆಲ್‌ಗಳೆಲ್ಲ ಹಾಗೇ. ನೆಟ್ಟಗೆ ತೋರಿಸೋಕೆ ಒಳಗೆ ಇನ್ನಷ್ಟು ಗಾಜು ಬೇಕು. ಗಾಜು ಜಾಸ್ತಿಯಾದಷ್ಟೂ ಬೆಳಕು ಕಡಿಮೆ. ನಮಗೆ ಬೇಕಾದ್ದು ಕೋಲಿನ ಮೇಲಿನ ಅಂಕಿ ಮಾತ್ರ, ತಲೆಕೆಳಗೆ ಓದೋದು ರೂಢಿಯಾಗ್ತಿತ್ತು. ಕೋವಿಗೆ ಇದನ್ನು ಕಟ್ಟಿದರೆ ಹಂದಿ ಬಲಕ್ಕೆ ಓಡಿದಾಗ ನಿಮಗೆ ಎಡಕ್ಕೆ ಓಡಿದ ಹಾಗೆ ಕಾಣುತ್ತೆ.

ಅಕ್ಕ: ಹಂದಿ ವಿಷಯ ಗ್ರೂಪಿನಲ್ಲಿ ಬೇಡ.

ಚಿಕ್ಕಪ್ಪ: ಸರಿ, ಮಾತಿಗೆ ಹೇಳಿದೆ. ಇನ್ನೊಂದು. ಚಿತ್ರ ಪೂರ್ತಿ ಕಾಣಬೇಕಾದ್ರೆ ಕಣ್ಣು ಎಷ್ಟು ಹತ್ತಿರ ಇಡಬೇಕು?

ಭಾವ: ರೆಪ್ಪೆ ತಾಗುವಷ್ಟು.

ಚಿಕ್ಕಪ್ಪ: ಕೋವಿಯ ದುರ್ಬೀನಿಗೆ ಕಣ್ಣು ನಾಲ್ಕು ಬೆರಳಾದ್ರೂ ಹಿಂದೆ ಇರಬೇಕು. ಈಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತಲ್ಲ. ಇದನ್ನು ಕಟ್ಟಿ ಹೊಡೆದರೆ ಹುಬ್ಬು ಒಡೆಯುತ್ತೆ.

ನಾನು: ಭಾವ, ಅಜ್ಜನದ್ದು ಜೋಡುನಳಿಗೆ ಅಲ್ವಾ? ಚರೆ ಹೊಡೆಯೋ ಕೋವಿ. ಚರೆ ಹರಡಿಕೊಂಡು ಹೋಗುತ್ತೆ, ಅದಕ್ಕೆ ನಳಿಗೆ ತುದಿಯ ಮಣಿಯೇ ಸಾಕು. ದುರ್ಬೀನು ಯಾಕೆ ಬೇಕಿತ್ತು?

ಇದಕ್ಕೆ ಎರಡು ನೀಲಿ ಗೀಟು ಬಿತ್ತು, ಉತ್ತರ ಬರಲಿಲ್ಲ. ತಮ್ಮ ಸುಮ್ನೆ ಕೂರುವವನಲ್ಲ.

ತಮ್ಮ: ಈಗ ಕೋವಿಗೆ ಗುರಿ ಹಿಡಿಯೋಕೆ ರೆಡ್ ಡಾಟ್ ಅನ್ನೋದು ಬಂದಿದೆ. ಕೆಂಪು ಚುಕ್ಕೆ ನೇರ ಗುರಿ ಮೇಲೆ ಹೋಗಿ ಬೀಳುತ್ತೆ.

ನಾನು: ಅದು ಲೇಸರ್. ರೆಡ್ ಡಾಟ್‌ನಲ್ಲಿ ಬೆಳಕು ಗುರಿಯ ಕಡೆ ಹೋಗೋದೇ ಇಲ್ಲ. ಸಣ್ಣ ಎಲ್‌ಇಡಿಯ ಬೆಳಕು ಬಾಗಿದ ಗಾಜಿಗೆ ತಾಗಿ ನಿನ್ನ ಕಣ್ಣಿಗೇ ವಾಪಸ್ ಬರುತ್ತೆ. ಎದುರಿನವನ ಮೈಮೇಲೆ ಏನೂ ಕಾಣಲ್ಲ. ಈ ಉಪಾಯ ಹಳೇದು, ಡಬ್ಲಿನ್‌ನ ಹೋವರ್ಡ್ ಗ್ರಬ್ 1900ರಲ್ಲೇ ಪೇಟೆಂಟ್ ಮಾಡಿಸಿದ್ದ.

ಚಿಕ್ಕಪ್ಪ: ಅಸಲು ವ್ಯತ್ಯಾಸ ಕೇಳಿ. ಲೆವೆಲ್‌ನಲ್ಲಿ ನೋಟದ ಗೆರೆ ಗುಳ್ಳೆ ನೋಡಿ ಮಟ್ಟ ಹಿಡಿಯೋ ರಸಮಟ್ಟಕ್ಕೆ ಸಮಾನಾಂತರವಾಗಿ ಇರಬೇಕು, ಎಷ್ಟು ದೂರ ಹೋದರೂ ಕೂಡಬಾರದು. ಕೋವಿಯಲ್ಲಿ ಉಲ್ಟಾ. ಗುಂಡು ನಳಿಗೆ ಬಿಟ್ಟ ಕೂಡಲೇ ಬೀಳೋಕೆ ಶುರು. 0.1 ಸೆಕೆಂಡಿಗೆ ಸುಮಾರು 5 ಸೆಂ.ಮೀ., 0.2 ಸೆಕೆಂಡಿಗೆ 20 ಸೆಂ.ಮೀ. ಅದಕ್ಕೇ ನೋಟದ ಗೆರೆಗಿಂತ ನಳಿಗೆಯನ್ನು ಒಂಚೂರು ಮೇಲ್ಮುಖ ಮಾಡಿರ್ತಾರೆ. ಎರಡೂ ಒಂದು ಕಡೆ ಕೂಡಲೇಬೇಕು. ನಿಮ್ಮ ಕೊಳವೆ ಮೇಲೆ ಎರಡು ತಿರುಪಿನ ತೂತು ಕಾಣ್ತಿದೆ, ರಸಮಟ್ಟ ಕೂತಿದ್ದ ಜಾಗ ಅದು.

ಅಕ್ಕ: ಅತ್ತೆ ಹತ್ರ ಕೇಳಿದೆ. ಮುಳುಗಡೆ ಸರ್ವೇಗೆ ಬಂದವರು ನಮ್ಮ ಜಗಲಿಯಲ್ಲೇ ಮಲಗ್ತಿದ್ರಂತೆ. ಊಟ ಇಲ್ಲೇ. ಹೋಗುವಾಗ ಮುರಿದ ಸಾಮಾನು ಬಿಟ್ಟು ಹೋದ್ರಂತೆ.

ಚಿಕ್ಕಪ್ಪ: ಹಾಗಾದ್ರೆ ಮುಗೀತು. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ 1819 ಅಡಿ. ಅಣೆಕಟ್ಟು ಮುಗಿದದ್ದು 1964ರಲ್ಲಿ, ಆದರೆ ನೀರು ಯಾವ ಗದ್ದೆವರೆಗೆ ಬರುತ್ತೆ ಅಂತ ಗುಡ್ಡ ಗುಡ್ಡ ಸುತ್ತಿ ಮೊದಲೇ ಗುರುತು ಹಾಕಬೇಕಲ್ಲ. ಅದಕ್ಕೆ ಇಂಥ ಲೆವೆಲ್ಲೇ ಬೇಕು.

ಭಾವ: ಅಂದ್ರೆ ನಮ್ಮ ಗದ್ದೆಗೇ ಗುರಿ ಇಟ್ಟದ್ದು. ಅವರಿಗೆ ಊಟ ಬೇರೆ ಹಾಕಿದ್ದೇವೆ.

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಅಕ್ಕನೇ ಮಾರುವುದು ಬೇಡ ಅಂದಳು. ಭಾವ ಎದುರಾಡಲಿಲ್ಲ. ಅವರ ತಲೆಯಲ್ಲಿ ಆಗಲೇ ಬೇರೆ ಲೆಕ್ಕ ಓಡುತ್ತಿತ್ತು.

ಭಾವ: ಮಾವ, ಕೆಳಗಿನ ತೋಟದ ಬಸಿಗಾಲುವೆಯಲ್ಲಿ ನೀರು ನಿಲ್ತಾ ಇದೆ. ಇದರಲ್ಲೇ ಇಳಿಜಾರು ನೋಡಿಕೊಡ್ತೀರಾ?

ಚಿಕ್ಕಪ್ಪ: ಸ್ಟ್ಯಾಂಡ್ ಇಲ್ಲ, ರಸಮಟ್ಟ ಇಲ್ಲ, ಅಳತೆ ಕೋಲೂ ಇಲ್ಲ. ಅಷ್ಟಕ್ಕೆ ಮೇಸ್ತ್ರಿಯ ಲೆವೆಲ್ ಪೈಪ್ ಸಾಕು. ನೀರು ತುಂಬಿ ಎರಡು ಕಡೆ ಹಿಡಿಯೋದು. ಭಾನುವಾರ ಬರ್ತೇನೆ, ಪೈಪ್ ತರಿಸಿಡಿ.