ಫ್ಯಾಮಿಲಿ ಗ್ರೂಪಿನಲ್ಲಿ ಚಿಲಕದ ಜಗಳ

ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಮಾಮೂಲಿಯಾಗಿ ಇರೋದು ಗುಡ್ ಮಾರ್ನಿಂಗ್ ಹೂವು, ಮದುವೆ ಕಾರ್ಡು, ಅಡಿಕೆ ರೇಟು. ಈ ಜಗಳ ಬೇರೆ ಥರದ್ದು. ಗಾಜನೂರು, ಲಕ್ಕವಳ್ಳಿ ಎರಡೂ ಕಡೆ ಡ್ಯಾಮಿನ ಗೇಟು ತೆಗೆದಿದ್ದರು. ಹರಿಹರದಲ್ಲಿ ಹೊಳೆ ಪಕ್ಕದ ಓಣಿಗಳಿಗೆ ನೀರು ನುಗ್ಗಿತ್ತು. ಜನರನ್ನು ಒಂದು ಶಾಲೆಯ ಕಾಳಜಿ ಕೇಂದ್ರಕ್ಕೆ ಕರೆತಂದಿದ್ದರು. ದಾವಣಗೆರೆಯಿಂದ ನಾವೆಲ್ಲ ಸೇರಿ ಒಂದು ಗಾಡಿ ಸಾಮಾನು ಕಳಿಸೋದು ಅಂತ ಆಗಿತ್ತು. ಲೋಡ್ ಮಾಡಿಸುವ ಕೆಲಸ ನನ್ನದು. ಟಾಟಾ ಏಸ್ ಅಂಗಡಿ ಮುಂದೆ ನಿಂತಿತ್ತು, ಅಷ್ಟರಲ್ಲಿ ದೊಡ್ಡಪ್ಪ ಒಂದು ಕಾರ್ಟೂನ್ ಫಾರ್ವರ್ಡ್ ಮಾಡಿದರು.

ಒಬ್ಬ ನೀರಿನಲ್ಲಿ ಮುಳುಗುತ್ತಾ ಕೈ ಎತ್ತಿದ್ದಾನೆ. ದೋಣಿಯಲ್ಲಿ ಕೂತ ಕೋಟಿನವನು ಫೈಲು ಚಾಚಿ ಹೇಳುತ್ತಿದ್ದಾನೆ: "ಮೊದಲು ಲಿಂಗ ಸಮಾನತೆಯ ಫಾರಂ ತುಂಬಿ."

ಎಲ್ಲರನ್ನೂ ಕೇಳಿಯೇ ಇದನ್ನು ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬೇಡ ಅಂದರು. ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೇ ಇದೆ.

ದೊಡ್ಡಪ್ಪ: ಓದಿದವರ ಬುದ್ಧಿ ನೋಡಿ. ಹೊಳೆಗೆ ಗಂಡು ಯಾರು, ಹೆಣ್ಣು ಯಾರು ಅಂತ ಗೊತ್ತಾ?

ಭಾವ: ಸೂಪರ್ ಮಾವ.

ಅಕ್ಕ: ಹೊಳೆಗೆ ಗೊತ್ತಿಲ್ಲ ಅಪ್ಪಾಜಿ. ಆದರೆ ನೀರು ಬಂದಾಗ ಯಾರು ಎಲ್ಲಿರುತ್ತಾರೆ, ಯಾರಿಗೆ ಓಡೋಕೆ ಆಗುತ್ತೆ ಅನ್ನೋದು ಅದರ ಮೇಲೇ ಇರುತ್ತೆ.

ದೊಡ್ಡಪ್ಪ: ಭಾಷಣ ಬೇಡ. ಉದಾಹರಣೆ ಕೊಡು.

(ಅಕ್ಕ ದೊಡ್ಡಪ್ಪನ ಮಗಳು. ಬೆಂಗಳೂರಿನಲ್ಲಿ ಪರಿಹಾರ ಕೆಲಸದ ಒಂದು ಸಂಸ್ಥೆಯಲ್ಲಿದ್ದಾಳೆ. ಅವಳಿಗೆ ಉದಾಹರಣೆ ಕೇಳೋದು ಅಂದರೆ ಕೆರಳಿಸಿದ ಹಾಗೆ.)

ಅಕ್ಕ: 1991ರ ಏಪ್ರಿಲ್ 29ರ ರಾತ್ರಿ, ಬಾಂಗ್ಲಾದೇಶದ ಚಂಡಮಾರುತ. ಸತ್ತವರು ಸುಮಾರು 1,40,000. ಇಪ್ಪತ್ತರಿಂದ ನಲವತ್ನಾಲ್ಕು ವರ್ಷದವರನ್ನು ಲೆಕ್ಕ ಹಾಕಿದರೆ, ಗಂಡಸರಲ್ಲಿ ಸಾವಿರಕ್ಕೆ 15 ಜನ ಸತ್ತರು, ಹೆಂಗಸರಲ್ಲಿ ಸಾವಿರಕ್ಕೆ 71. ಅದೇ ಗಾಳಿ, ಅದೇ ನೀರು.

ದೊಡ್ಡಪ್ಪ: ಯಾಕಂತೆ?

ಅಕ್ಕ: ಎಚ್ಚರಿಕೆ ಸಾರಿದ್ದು ಬಜಾರಿನಲ್ಲಿ. ಅಲ್ಲಿದ್ದವರು ಗಂಡಸರು. ಹೆಂಗಸರು ಮಕ್ಕಳನ್ನು, ವಯಸ್ಸಾದವರನ್ನು ಬಿಟ್ಟು ಹೊರಡಲಿಲ್ಲ. ಗಂಡ ಬಂದು ಹೇಳಲಿ ಅಂತ ಕಾದವರೂ ಇದ್ದರು. ಆಶ್ರಯ ಕೇಂದ್ರದಲ್ಲಿ ಎಲ್ಲರೂ ಒಂದೇ ಹಾಲ್‌ನಲ್ಲಿ, ಬೇರೆ ಟಾಯ್ಲೆಟ್ ಇಲ್ಲ. ಅಂಥ ಕಡೆ ಹೋಗೋಕೆ ಹಿಂಜರಿದರು. ಮೈಮೇಲೆ ಸೀರೆ. ನೀರಲ್ಲಿ ಸೀರೆ ಕಾಲಿಗೆ ಸುತ್ತಿಕೊಂಡರೆ ಮುಗಿಯಿತು.

ದೊಡ್ಡಪ್ಪ: ಅದು ಬಾಂಗ್ಲಾ. ನಮ್ಮ ಕಡೆ ಹಾಗಿಲ್ಲ.

ಅಕ್ಕ: ಕಡಲೂರು ಇರೋದು ನಮ್ಮ ಪಕ್ಕದ ತಮಿಳುನಾಡಿನಲ್ಲೇ ಅಲ್ವಾ? 2004ರ ಸುನಾಮಿಯಲ್ಲಿ ಅಲ್ಲಿ ಸತ್ತ ಗಂಡಸರು 146, ಹೆಂಗಸರು 391. ಆಕ್ಸ್‌ಫ್ಯಾಮ್ ಸಂಸ್ಥೆಯ ವರದಿಯಲ್ಲಿದೆ. ಗಂಡಸರು ದೋಣಿಯಲ್ಲಿ ಆಳ ಸಮುದ್ರದಲ್ಲಿದ್ದರು. ಅಲ್ಲಿ ಅಲೆ ಅಷ್ಟು ಎತ್ತರ ಏಳಲ್ಲ, ದೋಣಿ ಕೆಳಗೇ ಹಾದುಹೋಗುತ್ತೆ. ಹೆಂಗಸರು ಮೀನು ಇಳಿಸಿಕೊಳ್ಳೋಕೆ ದಡದಲ್ಲಿ ಕಾಯುತ್ತಿದ್ದರು.

ಹರಿಹರದ ಅತ್ತೆ: ಅಣ್ಣ, ನಿನಗೆ ಈಜು ಬರುತ್ತೆ. ತಮ್ಮನಿಗೂ ಬರುತ್ತೆ. ನನಗೆ ಬರುತ್ತಾ? ಹೊಳೆಗೆ ಇಳಿದೆ ಅಂತ ಅಪ್ಪ ಹುಣಸೆ ಬರ್ಲಲ್ಲಿ ಬಾರಿಸಿದ್ದು ನನಗೊಬ್ಬಳಿಗೇ. ಒದ್ದೆ ಚಡ್ಡಿಯಲ್ಲಿ ನೀವಿಬ್ಬರೂ ಪಕ್ಕದಲ್ಲೇ ನಿಂತು ನೋಡುತ್ತಿದ್ದಿರಿ.

ಕಾಕಾ: ನಿಜ. ನೋಡುತ್ತಿದ್ದೆವು.

ದೊಡ್ಡಪ್ಪ: ಹಳೇದೆಲ್ಲ ತೆಗೀಬೇಡ. ನಾನು ಹೇಳೋದು ಇಷ್ಟು. ಮೊದಲು ಜೀವ, ಆಮೇಲೆ ಅನ್ನ, ಸಮಾನತೆ ಗಿಮಾನತೆ ಎಲ್ಲ ಅದಾದ ಮೇಲೆ. ಮನೆಗೆ ನೀರು ನುಗ್ಗಿದ ರಾತ್ರಿ ಸರ್ವೆ ಮಾಡುತ್ತಾ ಕೂರೋಕೆ ಆಗುತ್ತಾ? ದುಡ್ಡು ಕಮ್ಮಿ, ಕೈ ಕಮ್ಮಿ, ಸಮಯ ಅದಕ್ಕಿಂತ ಕಮ್ಮಿ. ಇನ್ನೊಂದು ವಿಷಯ. ದನ ಬಿಚ್ಚೋಕೆ, ಪಂಪ್‌ಸೆಟ್ ಎತ್ತೋಕೆ ನೀರಿಗೆ ಇಳಿದು ಕೊಚ್ಚಿಹೋಗುವವರು ಗಂಡಸರು. ಅವರ ಲೆಕ್ಕ ಯಾರು ಬರೀತಾರೆ?

ಇದು ತಳ್ಳಿಹಾಕುವ ಮಾತಲ್ಲ. ಅಕ್ಕನೂ ತಳ್ಳಿಹಾಕಲಿಲ್ಲ.

ಅಕ್ಕ: ಅದನ್ನೂ ಬರೀಬೇಕು ಅಪ್ಪಾಜಿ. ಎಲ್ಲ ಕಡೆ ಹೆಂಗಸರೇ ಜಾಸ್ತಿ ಸಾಯುತ್ತಾರೆ ಅಂತ ನಾನು ಹೇಳಿಲ್ಲ. 1998ರಲ್ಲಿ ಮಧ್ಯ ಅಮೆರಿಕಕ್ಕೆ ಮಿಚ್ ಚಂಡಮಾರುತ ಬಂದಾಗ ಕೆಲವು ದೇಶಗಳಲ್ಲಿ ಗಂಡಸರೇ ಜಾಸ್ತಿ ಸತ್ತರು. ನೀವು ಹೇಳಿದ್ದೇ ಕಾರಣ, ಗಂಡಸು ಅಂದ ಮೇಲೆ ಧೈರ್ಯವಾಗಿ ನುಗ್ಗಬೇಕು ಅನ್ನೋದು. ಸುನಾಮಿ ಆದ ಮೇಲೆ ಹೆಂಡತಿ ಕಳಕೊಂಡ ಗಂಡಸರಿಗೆ ಅಡುಗೆ, ಮಕ್ಕಳ ಆರೈಕೆ ಗೊತ್ತಿರದೆ ಒದ್ದಾಡಿದ್ದೂ ಇದೆ. ಕೋವಿಡ್ ಲಾಕ್‌ಡೌನ್‌ನಲ್ಲಿ ರೇಷನ್ ಕಾರ್ಡೇ ಇಲ್ಲದ ಮಂಗಳಮುಖಿಯರು ಹೊಟ್ಟೆಗೆ ಪರದಾಡಿದರು. ಇವರೆಲ್ಲ "ಕುಟುಂಬ" ಅಂತ ಒಂದೇ ಕಾಲಂ ಇಟ್ಟರೆ ಕಾಣಲ್ಲ.

ಭಾವ: ಸರಿ, ಪಾಠ ಆಯ್ತು. ಗಾಡಿಗೆ ಏನು ಹಾಕಬೇಕು? ಲಿಸ್ಟ್ ಇದೆಯಲ್ಲ?

ನಾನು: ಅಕ್ಕಿ, ತೊಗರಿಬೇಳೆ, ಎಣ್ಣೆ, ಮಂಡಕ್ಕಿ, ಬಿಸ್ಕೆಟ್, ಚಾಪೆ, ಕಂಬಳಿ, ಲುಂಗಿ, ಸೀರೆ, ಟವೆಲ್.

ಹರಿಹರದ ಅತ್ತೆ: ಲಿಸ್ಟ್ ಮಾಡಿದ್ದು ಯಾರು?

ನಾನು: ದೊಡ್ಡಪ್ಪ, ಭಾವ, ನಾನು.

ಹರಿಹರದ ಅತ್ತೆ: ಗೊತ್ತಾಯಿತು ಬಿಡು.

ಆಮೇಲೆ ಅತ್ತೆಯ ವಾಯ್ಸ್ ಮೆಸೇಜು ಬಂತು. ಅತ್ತೆಗೆ ಟೈಪ್ ಮಾಡೋದು ಬೇಜಾರು. ಕೇಳಿಸಿಕೊಂಡು ಬರೆದಿದ್ದೇನೆ:

"ನಿನ್ನೆ ಸಂಜೆ ಕೇಂದ್ರಕ್ಕೆ ಹೋಗಿದ್ದೆ. ಅನ್ನ ಸಾರು ಚೆನ್ನಾಗೇ ಇದೆ, ಅದಕ್ಕೆ ಕೊರತೆ ಇಲ್ಲ. ನನ್ನ ಪಕ್ಕ ಕೂತವಳು ಊಟ ಮಾಡಿದಳು, ನೀರು ಕುಡಿಯಲಿಲ್ಲ. ತುತ್ತು ಗಂಟಲಲ್ಲಿ ಸಿಕ್ಕಿಕೊಂಡರೂ ಒಂದೇ ಗುಟುಕು. ಯಾಕೆ ಅಂದೆ. ಟಾಯ್ಲೆಟ್ ಮೈದಾನದ ಆ ತುದಿಗಿದೆ, ಲೈಟಿಲ್ಲ, ಒಳಗಡೆ ಚಿಲಕ ಕಿತ್ತುಹೋಗಿದೆ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು. ಅದಕ್ಕೇ ನಾಲ್ಕು ಗಂಟೆ ಆದ ಮೇಲೆ ಹೆಂಗಸರು ಯಾರೂ ನೀರು ಮುಟ್ಟಲ್ಲ. ಬಸುರಿ ಒಬ್ಬಳಿದ್ದಾಳೆ, ಅವಳೂ ಅಷ್ಟೇ. ಮುಟ್ಟಾದ ಹುಡುಗಿಯರು ಒಗೆದ ಬಟ್ಟೆಯನ್ನು ಬೆಂಚಿನ ಕೆಳಗೆ, ಕತ್ತಲಲ್ಲಿ ಒಣಹಾಕಿದ್ದಾರೆ. ಅದು ಒಣಗುತ್ತಾ ಈ ಮಳೆಗೆ? ನೀವು ಕಳಿಸೋ ಸೀರೆ ಒಳ್ಳೇದೇ, ಆದರೆ ಲಂಗ, ಬ್ಲೌಸ್ ಇಲ್ಲದೆ ಸೀರೆ ಹೇಗಪ್ಪಾ ಉಡೋದು? ನೈಟಿ ಕಳಿಸಿ. ಒಳಬಟ್ಟೆ ಕಳಿಸಿ. ಚಿಲಕ ಕಳಿಸಿ."

ಗ್ರೂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಒಳಬಟ್ಟೆ ಅನ್ನೋ ಮಾತು ಈ ಗ್ರೂಪಿನಲ್ಲಿ ಬಂದದ್ದು ಅದೇ ಮೊದಲು.

ಅಕ್ಕ: ಇದಕ್ಕೆಲ್ಲ ನಿಯಮ ಇದೆ. ಲೋಕದಲ್ಲೆಲ್ಲ ಪರಿಹಾರ ಕೆಲಸದವರು ಬಳಸುವ ಸ್ಫಿಯರ್ ಕೈಪಿಡಿ ಪ್ರಕಾರ 20 ಜನಕ್ಕೆ ಒಂದು ಟಾಯ್ಲೆಟ್, ಒಳಗಿಂದ ಚಿಲಕ, ಬೆಳಕು. ಗಂಡಸರಿಗೆ ಒಂದಾದರೆ ಹೆಂಗಸರಿಗೆ ಮೂರು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2016ರ ಮಾರ್ಗಸೂಚಿಯಲ್ಲಿ 30 ಜನಕ್ಕೆ ಒಂದು. ಹೆಂಗಸರಿಗೆ ಬೇರೆ ಸ್ನಾನದ ಜಾಗ, ಸ್ಯಾನಿಟರಿ ಪ್ಯಾಡ್ ಇರುವ ಕಿಟ್ ಕೊಡಬೇಕು ಅಂತಲೂ ಇದೆ.

ದೊಡ್ಡಪ್ಪ: ತಡಿ ತಡಿ. ಒಂದಕ್ಕೆ ಮೂರು ಅಂದರೆ ಅದು ಸಮಾನತೆ ಹೇಗೆ ಆಯಿತು?

ಭಾವ: ಪಾಯಿಂಟ್!

ಅಕ್ಕ: ಸೀರೆ ಉಟ್ಟವರು, ಕೈಯಲ್ಲಿ ಮಗು ಇರುವವರು, ಮುಟ್ಟಾದವರು, ಅಜ್ಜಿಯನ್ನು ಕರೆದುಕೊಂಡು ಬಂದವರು. ಹೊತ್ತು ಜಾಸ್ತಿ ಬೇಕು. ನಿಮಗಾದರೆ ಶಾಲೆಯ ಕಾಂಪೌಂಡ್ ಗೋಡೆ ಇದೆ. ಕ್ಯೂನಲ್ಲಿ ನಿಲ್ಲುವ ಹೊತ್ತು ಇಬ್ಬರಿಗೂ ಒಂದೇ ಆಗಬೇಕಾದರೆ ಬಾಗಿಲು ಮೂರು ಬೇಕು.

ಭಾವ: ಗೋಡೆ ವಿಷಯದಲ್ಲಿ ನಾನು ಮಾತಾಡಲ್ಲ.

ಈ ಹೊತ್ತಿಗೆ ಕಾಕಾ ಮತ್ತೆ ಬಂದರು. ಕಾಕಾ ಗ್ರಾಮ ಲೆಕ್ಕಿಗರಾಗಿ ರಿಟೈರ್ ಆದವರು. ನೆರೆ ಬಂದಾಗಲೆಲ್ಲ ಹೊಳೆಸಾಲಿನ ಊರುಗಳಿಗೆ ಡ್ಯೂಟಿ ಹಾಕುತ್ತಿದ್ದರು.

ಕಾಕಾ: ಅಣ್ಣ ಹೇಳಿದ ಹಾಗೆ ಆ ರಾತ್ರಿ ಯಾವ ಸರ್ವೆಯೂ ಆಗಲ್ಲ, ಅದು ನನಗೆ ಗೊತ್ತು. ಆದರೆ ತೊಂದರೆ ಆ ರಾತ್ರಿ ಅಲ್ಲ, ಮರುದಿನ ಪಟ್ಟಿ ಬರೆಯುವಾಗ. "ಮನೆ ಯಜಮಾನ ಯಾರು, ಖಾತೆ ನಂಬರ್ ಕೊಡಿ" ಅಂತ ಕೇಳುತ್ತಿದ್ದೆವು. 2019ರಲ್ಲಿ ನೀರು ನುಗ್ಗಿದ ಮನೆಗೆ ಸರ್ಕಾರ ತಕ್ಷಣಕ್ಕೆ 10,000 ಕೊಟ್ಟಿತಲ್ಲ, ಆಗ ಒಂದು ಊರಲ್ಲಿ ಗಂಡನ ಖಾತೆಗೆ ದುಡ್ಡು ಬಂತು. ಅವನು ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ್ದ. ನೀರಲ್ಲಿ ಪಾತ್ರೆ ಕಳಕೊಂಡವಳು ಇಲ್ಲೇ ಇದ್ದಳು, ಎರಡು ಮಕ್ಕಳ ಜೊತೆ. ನಮ್ಮ ಪಟ್ಟಿಯಲ್ಲಿ ಏನೂ ತಪ್ಪಿರಲಿಲ್ಲ. ಆಡಿಟ್‌ನವರೂ ಏನೂ ಕೇಳಲಿಲ್ಲ.

ಅಕ್ಕ: 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೇ ಕಲಂ ಇದೆಯಲ್ಲ ಕಾಕಾ? ಪರಿಹಾರದಲ್ಲಿ ಲಿಂಗ, ಜಾತಿ, ಧರ್ಮದ ಭೇದ ಮಾಡುವಂತಿಲ್ಲ ಅಂತ.

ಕಾಕಾ: ಭೇದ ಯಾರು ಮಾಡಿದರು ತಾಯಿ? ಎಲ್ಲರಿಗೂ ಒಂದೇ ಫಾರಂ. ಫಾರಂ ಹಾಗಿತ್ತು ಅಷ್ಟೇ.

ಈ ಜಗಳದಲ್ಲಿ ನನಗೆ ತುಂಬಾ ಹಿಡಿಸಿದ್ದು ಕಾಕಾನ ಈ ಮಾತು. ಕಾರ್ಟೂನ್‌ನಲ್ಲಿ ಫಾರಂ ಅಂದರೆ ತಮಾಷೆ. ಕಾಕಾಗೆ ಅದು ಮೂವತ್ತು ವರ್ಷದ ನೌಕರಿ.

ಕಾಕಾ: ಈಗ ಬೇಕಾದರೆ ದಾರಿ ಇದೆ. ಗೃಹಲಕ್ಷ್ಮಿ 2,000 ಬರೋಕೆ ಶುರುವಾದ ಮೇಲೆ ಎಷ್ಟೋ ಮನೆಗಳಲ್ಲಿ ಯಜಮಾನಿಯ ಖಾತೆ ಆಧಾರ್‌ಗೆ ಲಿಂಕ್ ಆಗಿದೆ. ರೇಷನ್ ಕಾರ್ಡಿನಲ್ಲೂ 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ. ರಾಜ್ಯ ವಿಪತ್ತು ಪರಿಹಾರ ನಿಧಿಯ (ಎಸ್‌ಡಿಆರ್‌ಎಫ್) 2022ರ ನಿಯಮದಲ್ಲಿ ಬಟ್ಟೆ ಹೋದದ್ದಕ್ಕೆ ಕುಟುಂಬಕ್ಕೆ 2,500, ಪಾತ್ರೆ ಹೋದದ್ದಕ್ಕೆ 2,500 ಅಂತ ಇದೆ. ಆ ದುಡ್ಡು ಅವಳ ಖಾತೆಗೇ ಹೋಗಲಿ. ಮನೆ ಬಿದ್ದದ್ದರ ಪರಿಹಾರ ಮಾತ್ರ ಮನೆ ಯಾರ ಹೆಸರಲ್ಲಿದೆಯೋ ಅವರಿಗೆ, ಅದು ಬೇರೆ ಕಥೆ.

ಅಕ್ಕ: ಸುನಾಮಿ ಆದ ಮೇಲೆ ತಮಿಳುನಾಡಿನಲ್ಲಿ ಹೊಸ ಮನೆಗಳನ್ನು ಗಂಡ ಹೆಂಡತಿ ಇಬ್ಬರ ಹೆಸರಿಗೂ ಸೇರಿಸಿ ಕೊಟ್ಟರು.

ದೊಡ್ಡಪ್ಪ: ಎಲ್ಲ ಹೆಂಗಸರ ಕೈಗೆ ಕೊಟ್ಟರೆ ಗಂಡಸು ಮನೆಯಲ್ಲಿ ಸುಮ್ನೆ ಇರುತ್ತಾನಾ? ಹೊಡೆದು ಕಿತ್ತುಕೊಳ್ಳುತ್ತಾನೆ.

ಅಕ್ಕ: ಆಗುತ್ತೆ. ಅದಕ್ಕೇ ದುಡ್ಡು ಹಾಕಿ ಕೈ ತೊಳೆದುಕೊಂಡರೆ ಸಾಲದು. ಕೇಂದ್ರದಲ್ಲಿ ಹೆಂಗಸರ ಹತ್ತಿರ ಕೂತು ಮಾತಾಡೋಕೆ ಒಬ್ಬ ಹೆಂಗಸು ಇರಬೇಕು. ಈ ಮಾತನ್ನು ಅವರು ಗಂಡಸು ಆಫೀಸರ್ ಹತ್ತಿರ ಹೇಳುತ್ತಾರಾ? 2022ರ ಡಿಸೆಂಬರಿನಲ್ಲಿ ತಾಲಿಬಾನ್‌ನವರು ಪರಿಹಾರ ಸಂಸ್ಥೆಗಳಲ್ಲಿ ಹೆಂಗಸರು ಕೆಲಸ ಮಾಡಬಾರದು ಅಂದಾಗ ಎಷ್ಟೋ ದೊಡ್ಡ ಸಂಸ್ಥೆಗಳು ಕೆಲಸವನ್ನೇ ನಿಲ್ಲಿಸಿದವು. ಮನೆಯೊಳಗಿನ ಹೆಂಗಸರನ್ನು ಮುಟ್ಟುವ ದಾರಿಯೇ ಮುಚ್ಚಿಹೋಗಿತ್ತು.

ಚಿಕ್ಕಮ್ಮ: ನೀವೆಲ್ಲ ನೆರೆ ನೆರೆ ಅಂತೀರಿ. ನಮ್ಮ ಜಗಳೂರಿಗೂ ಒಂದು ಮಾತು ಹಾಕಿ. ಇಲ್ಲಿ ಕಷ್ಟ ಬರೋದು ನೀರು ಇಲ್ಲದೆ. ಟ್ಯಾಂಕರ್ ಯಾವ ಹೊತ್ತಿಗೆ ಬರುತ್ತೋ ಗೊತ್ತಿರಲ್ಲ, ಹುಡುಗಿಯರು ಶಾಲೆ ಬಿಟ್ಟು ಕೊಡ ಹಿಡಿದು ಕಾಯುತ್ತಾರೆ. ಬರದ ವರ್ಷ ದನಕ್ಕೆ ಗೋಶಾಲೆ ತೆರೀತಾರೆ, ಮೇವು ತೂಕ ಮಾಡಿ ಕೊಡ್ತಾರೆ. ನೀರು ಹೊತ್ತ ಹುಡುಗಿಯ ಲೆಕ್ಕ ಯಾವ ಪುಸ್ತಕದಲ್ಲಿದೆ ಹೇಳಿ?

ದೊಡ್ಡಪ್ಪ: ನೀನೂ ಶುರು ಮಾಡಿದೆಯಾ?

ಚಿಕ್ಕಮ್ಮ: ಅಂಗನವಾಡಿ ಟೀಚರ್ ನಾನು. ಬರ ಬಂದ ವರ್ಷ ಯಾವ ಹುಡುಗಿಯ ಮದುವೆ ಬೇಗ ಗೊತ್ತಾಗುತ್ತೆ ಅಂತ ನನಗೆ ಗೊತ್ತಿರುತ್ತೆ.

ಅಕ್ಕ: ಅಪ್ಪಾಜಿ, ನೀವು ಬಾಂಗ್ಲಾ ಅಂತ ತಳ್ಳಿದಿರಲ್ಲ, ಆಮೇಲೆ ಅವರು ಏನು ಮಾಡಿದರು ನೋಡಿ. ಚಂಡಮಾರುತದ ಸ್ವಯಂಸೇವಕ ಪಡೆಗೆ ಹೆಂಗಸರನ್ನು ಸೇರಿಸುತ್ತಾ ಬಂದರು, ಈಗ ಅರ್ಧದಷ್ಟು ಅವರೇ. ಗಾಳಿಯ ಸುದ್ದಿ ಮನೆ ಬಾಗಿಲಿಗೆ ಹೆಂಗಸಿನ ಬಾಯಲ್ಲಿ ಬರುತ್ತೆ. 2007ರ ಸಿಡ್ರ್ ಚಂಡಮಾರುತವೂ ಭಾರಿಯೇ, ಸತ್ತವರು ಸುಮಾರು 3,400. ಆಶ್ರಯ ಕೇಂದ್ರ ಜಾಸ್ತಿ ಕಟ್ಟಿದ್ದು, ಹವಾಮಾನದ ಸುದ್ದಿ ಬೇಗ ಸಿಕ್ಕಿದ್ದು, ಎಲ್ಲ ಸೇರಿ. ಹೆಂಗಸರಿಂದಲೇ ಅಂತ ನಾನು ಹೇಳಲ್ಲ. 1993ರ ಲಾತೂರ್ ಭೂಕಂಪದ ನಂತರವೂ ಅಷ್ಟೇ, ಮನೆ ರಿಪೇರಿ ಕಾರ್ಯಕ್ರಮದಲ್ಲಿ ಊರಿಗೂ ಸರ್ಕಾರಕ್ಕೂ ನಡುವೆ ಮಾತಾಡೋಕೆ ಮಹಿಳಾ ಮಂಡಳಗಳನ್ನೇ ನೇಮಿಸಿದರು.

ದೊಡ್ಡಪ್ಪ: ನಾನು ಹೆಂಗಸರಿಗೆ ಕೊಡಬೇಡಿ ಅಂತ ಎಲ್ಲಿ ಹೇಳಿದೆ? ಅದಕ್ಕೆ ದೊಡ್ಡ ಹೆಸರಿಟ್ಟು ಸೆಮಿನಾರ್ ಮಾಡಬೇಡಿ ಅಂದೆ. ಚಿಲಕ ಹಾಕೋಕೆ ಸಮಾನತೆ ಯಾಕೆ ಬೇಕು? ಒಬ್ಬ ಬಡಗಿ ಸಾಕು.

ಹರಿಹರದ ಅತ್ತೆ: ಬಡಗಿ ಇಲ್ಲೇ ಇದ್ದಾನೆ ಅಣ್ಣ. ಕೇಂದ್ರ ತೆರೆದಾಗಿನಿಂದ ಹಾಲ್‌ಗೆ ಫ್ಯಾನು ಹಾಕುವವರಿಗೆ ಕೈಯಾಳಾಗಿ ಓಡಾಡುತ್ತಿದ್ದಾನೆ. ಚಿಲಕ ಹಾಕು ಅಂತ ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ದೊಡ್ಡಪ್ಪ ಇದಕ್ಕೆ ಉತ್ತರ ಕೊಡಲಿಲ್ಲ. ಒಪ್ಪಿದರು ಅಂತ ಅರ್ಥ ಅಲ್ಲ, ಸೆಮಿನಾರಿನ ಬಗ್ಗೆ ಅವರ ಅಭಿಪ್ರಾಯ ಇವತ್ತಿಗೂ ಅದೇ. ಒಂದಷ್ಟು ಹೊತ್ತಾದ ಮೇಲೆ ನನಗೆ ಟ್ಯಾಗ್ ಮಾಡಿದರು.

ದೊಡ್ಡಪ್ಪ: ಲುಂಗಿ ಅರ್ಧಕ್ಕೆ ಇಳಿಸು. ನೈಟಿ ಹಾಕು. ಆ ಇನ್ನೊಂದೂ ಹಾಕು.

ಅಕ್ಕ: ಪ್ಯಾಡ್ ಅನ್ನಿ ಅಪ್ಪಾಜಿ.

ದೊಡ್ಡಪ್ಪ: ಹಾಕು ಅಂದೆನಲ್ಲ.

ನಾನು: ಪ್ಯಾಡು, ನೈಟಿ, ಲಂಗ, ಒಳಬಟ್ಟೆ, ಮುಚ್ಚಳ ಇರುವ ಬಕೆಟ್, ಬಟ್ಟೆ ಒಣಹಾಕೋಕೆ ಹಗ್ಗ, ಅಡ್ಡ ಕಟ್ಟೋಕೆ ಟಾರ್ಪಾಲು, ಬಲ್ಬು, ಹೋಲ್ಡರ್, ವೈರು, ಚಿಲಕ, ಸ್ಕ್ರೂ. ಸೈಜ್ ಎಷ್ಟು ಅತ್ತೆ?

ಹರಿಹರದ ಅತ್ತೆ: ಆರು ಇಂಚಿನದು ತಗೋ, ಕಬ್ಬಿಣದ್ದು ಬೇಡ, ಮಳೆಗೆ ತುಕ್ಕು ಹಿಡಿಯುತ್ತೆ. ಹಂಚೋಕೆ ಬರೀ ಗಂಡುಮಕ್ಕಳನ್ನೇ ಕಳಿಸಬೇಡಿ. ಕ್ಯೂ ನಿಲ್ಲಿಸಿ ಪ್ಯಾಡ್ ಕೊಟ್ಟು ಫೋಟೋ ತೆಗೆದರೆ ಒಬ್ಬಳೂ ಮುಂದೆ ಬರಲ್ಲ.

ಭಾವ: ಫೋಟೋ ಇಲ್ಲ ಅಂದರೆ ಗ್ರೂಪಿಗೆ ಹೇಗೆ ಗೊತ್ತಾಗಬೇಕು?

ಚಿಕ್ಕಮ್ಮ: ಗೊತ್ತಾಗೋದು ಬೇಡ. ನಾನು ಬರುತ್ತೇನೆ. ಜಗಳೂರಿನಿಂದ ಬಸ್ ಹತ್ತಿದ್ದೇನೆ, ನನ್ನ ಬಿಟ್ಟು ಹೊರಡಬೇಡಿ.

ದೊಡ್ಡಪ್ಪ: ವಾಪಸ್ ಬರೋದು ರಾತ್ರಿ ಆಗುತ್ತೆ, ಯೋಚನೆ ಮಾಡು.

ಕಾಕಾ: ಅವಳ ಜೊತೆ ನಾನೂ ಇದ್ದೇನೆ ಅಣ್ಣ. ಅತ್ತ ಅವಳು ಸಾಮಾನು ಹಂಚಲಿ, ಇತ್ತ ನಾನು ಪಟ್ಟಿ ಬರೆಯುವವರ ಪಕ್ಕ ಕೂರುತ್ತೇನೆ. ಅಲ್ಲಿರುವ ಹುಡುಗ ನನ್ನ ಕೈಕೆಳಗೆ ಕೆಲಸ ಕಲಿತವನು. ಯಾವ ಮನೆಯಲ್ಲಿ ಯಾರ ಖಾತೆ ಬರೀಬೇಕು ಅಂತ ಮನೆಯವಳನ್ನೂ ಒಂದು ಮಾತು ಕೇಳು ಅಂತ ಹೇಳುತ್ತೇನೆ. ಕೇಳುತ್ತಾನೋ ಇಲ್ಲವೋ ನೋಡೋಣ.

ಹರಿಹರದ ಅತ್ತೆ: ಗೇಟಿನ ಹತ್ತಿರ ಬಂದು ಫೋನ್ ಮಾಡಿ. ಬಡಗಿಯನ್ನು ಹಿಡಿದು ಕೂರಿಸಿಕೊಂಡಿರುತ್ತೇನೆ.