ಪೊಲ್ಲಿಲೂರು ಕದನದ ಚಿತ್ರವನ್ನು ಶಾಲೆಯ ಗೋಡೆಗೆ ಇಳಿಸುವುದು ಹೇಗೆ?

ಚಿತ್ರಕಲಾ ಶಿಕ್ಷಕಿ, ಸಕಲೇಶಪುರ
ಶ್ರೀರಂಗಪಟ್ಟಣದ ಟಿಪ್ಪುವಿನ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯಲ್ಲಿರುವ ಪೊಲ್ಲಿಲೂರು ಕದನದ ಒಂದು ಭಾಗವನ್ನು ನಮ್ಮ ಪ್ರೌಢಶಾಲೆಯ ಜಗುಲಿಯಲ್ಲಿ ಮಕ್ಕಳಿಂದ ಬರೆಸಬೇಕು. ಚಿತ್ರದ ಅಳತೆ 12 ಅಡಿ ಉದ್ದ, 5 ಅಡಿ ಎತ್ತರ. ಸಿಮೆಂಟ್ ಗಿಲಾವಿನ ಗೋಡೆ, ಮಳೆಗಾಲದಲ್ಲಿ ಕೆಳಗಿನ ಒಂದೂವರೆ ಅಡಿ ತೇವ ಹಿಡಿಯುತ್ತದೆ. ಯಾವ ಭಾಗ ಆರಿಸಲಿ? ಬಣ್ಣ ಏಳದಂತೆ ಏನು ಮಾಡಬೇಕು?

ಇತಿಹಾಸ ಉಪನ್ಯಾಸಕ, ಹಾಸನ
ಮೇಡಂ, ಈಸ್ಟ್ ಇಂಡಿಯಾ ಕಂಪನಿಯ ಪಡೆಯ ನಾಯಕ ಕರ್ನಲ್ ಬೈಲಿ ಇರುವ ಚೌಕವನ್ನೇ ಆರಿಸಿ. ಹೈದರ್ ಅಲಿ, ಟಿಪ್ಪು ಕಂಪನಿಯನ್ನು ಸೋಲಿಸಿದ 1780ರ ಸೆಪ್ಟೆಂಬರ್ 10ರ ಇಡೀ ಕದನ ಅಲ್ಲಿದೆ. ಕಂಪನಿಯ ಕಾಲಾಳುಗಳು ಹೊರಮುಖವಾಗಿ ಚೌಕ ಕಟ್ಟಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೈಲಿ ಬೆರಳು ಕಚ್ಚುತ್ತಾ ಕೂತಿದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಮದ್ದು ಹೋದ ಮೇಲೆ ಚೌಕಕ್ಕೆ ಉಳಿವಿಲ್ಲ, ಸುತ್ತಲೂ ಮೈಸೂರಿನ ಕುದುರೆ ಪಡೆ. ಕಂಪನಿಯ ಇನ್ನೊಬ್ಬ ಸೇನಾಪತಿ ಹೆಕ್ಟರ್ ಮನ್ರೋ ಕಾಂಚೀಪುರದಷ್ಟು ಹತ್ತಿರದಲ್ಲಿದ್ದೂ ಹೊತ್ತಿಗೆ ಬಂದು ಸೇರಲಿಲ್ಲ.

ಮಕ್ಕಳಿಗೆ ಒಂದು ಮಾತು ಹೇಳಲೇಬೇಕು: ಬೈಲಿಯ ಪಡೆಯಲ್ಲಿ ಹೆಚ್ಚಿನವರು ಈ ನೆಲದ ಸಿಪಾಯಿಗಳೇ. ಸಂಬಳಕ್ಕಾಗಿ ಕಂಪನಿ ಸೇರಿದವರು. ಇದನ್ನು ಬಿಟ್ಟರೆ ಬಿಳಿಯರಿಗೂ ನಮಗೂ ಆದ ಜಗಳ ಎಂದಷ್ಟೇ ತಲೆಯಲ್ಲಿ ಉಳಿಯುತ್ತದೆ.

ಬರೆಯುವಾಗ: 24 ಅಂಗುಲ ಉದ್ದ, 10 ಅಂಗುಲ ಎತ್ತರದ ಪ್ರಿಂಟಿನ ಮೇಲೆ ಅಂಗುಲಕ್ಕೊಂದು ಗೆರೆ, ಗೋಡೆಯ ಮೇಲೆ ಆರು ಅಂಗುಲಕ್ಕೊಂದು. ಒಟ್ಟು 240 ಮನೆ. ಸಾಲು ಕುದುರೆಗಳಿಗೆ ಒಂದೇ ಕುದುರೆಯ ಟ್ರೇಸಿಂಗ್ ಸಾಕು: ಗೆರೆಗುಂಟ ಸೂಜಿಯಲ್ಲಿ ತೂತು ಮಾಡಿ, ಹಾಳೆಯನ್ನು ಗೋಡೆಗಿಟ್ಟು, ಬಟ್ಟೆಗಂಟಿನಲ್ಲಿ ಇದ್ದಿಲಪುಡಿ ಕಟ್ಟಿ ತಟ್ಟಿ. ನೆರಳು-ಬೆಳಕು ತುಂಬಬೇಡಿ. ಮೂಲದಲ್ಲಿ ದೂರದವರು ಚಿಕ್ಕದಾಗುವುದಿಲ್ಲ, ಮೇಲಿನ ಸಾಲಿಗೆ ಹೋಗುತ್ತಾರೆ, ಅಷ್ಟೇ. ನೆರಳು ಹಾಕಿದರೆ ಆ ಲಯ ಕೆಡುತ್ತದೆ. ಹೊರಗೆರೆ ಕೊನೆಗೆ.

ಗಾರೆ ಕೆಲಸದವರು, ಚಿಕ್ಕಮಗಳೂರು
ಬಣ್ಣಕ್ಕಿಂತ ಮೊದಲು ಗೋಡೆ ನೋಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ, ಹೊರಮೈಯಲ್ಲಿ ಕಂಡರೆ ಗಾಳಿಯ ತೇವ.

ನೆಲದಿಂದ ಎರಡೂವರೆ ಅಡಿ ಸಿಮೆಂಟ್ ಗಿಲಾವು ಕೆತ್ತಿ ತೆಗೆದು, ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ ಹಾಕಿ. ತೇವ ಅಲ್ಲಿಂದಲೇ ಆರಿಹೋಗಲಿ. ಅದರ ಮೇಲೆ ಬರೀ ಸುಣ್ಣ ಬಳಿಯಿರಿ, ಆಯಿಲ್ ಪೇಂಟ್ ಬೇಡವೇ ಬೇಡ. ಚಿತ್ರ ಈ ಪಟ್ಟಿಗಿಂತ ಮೇಲೆ ಶುರುವಾಗಲಿ. ಸುಣ್ಣ ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ, ಆ ಕೆಲಸ ಮಕ್ಕಳ ಕೈಗೆ ಕೊಡಬೇಡಿ.

ಚಿತ್ರಕಲಾ ಶಿಕ್ಷಕಿ, ಸಕಲೇಶಪುರ
ಮೇಲಿನ ಭಾಗಕ್ಕೆ ಅಕ್ರಿಲಿಕ್ ಆಗುತ್ತದೆಯೇ?

ಗಾರೆ ಕೆಲಸದವರು, ಚಿಕ್ಕಮಗಳೂರು
ಒಣಗಿದ ಸಿಮೆಂಟಿಗೆ ಆಗುತ್ತದೆ. ಹೊಸದಾಗಿ ತೇಪೆ ಹಾಕಿದ್ದರೆ 28 ದಿನ ಬಿಡಿ, ಇಲ್ಲದಿದ್ದರೆ ಸಿಮೆಂಟಿನ ಕ್ಷಾರಕ್ಕೆ ಬಣ್ಣ ಮಾಸುತ್ತದೆ. ಮೇಲೆ ಮಿಂಚುವ ವಾರ್ನಿಷ್ ಬೇಡ. ಜನವರಿ-ಫೆಬ್ರವರಿಯಲ್ಲೇ ಮುಗಿಸಿ.

ಇತಿಹಾಸ ಉಪನ್ಯಾಸಕ, ಹಾಸನ
ಫಲಕದಲ್ಲಿ ಕದನ 1780, ಅರಮನೆ 1784 ಎಂದು ಬೇರೆಬೇರೆಯಾಗಿ ಬರೆಯಿಸಿ. ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ, 1850ರ ದಶಕದಲ್ಲಿ, ಈ ಚಿತ್ರವನ್ನು ಮತ್ತೆ ಬರೆಸಿದ್ದಾರೆ ಎಂಬುದೂ ಇರಲಿ. ಈಗ ಕಾಣುವ ಪ್ರತಿ ಗೆರೆಯೂ ಟಿಪ್ಪುವಿನ ಕಾಲದ್ದಲ್ಲ. ಪಕ್ಕದಲ್ಲಿ ಇಂಗ್ಲಿಷ್ ಚಿತ್ರಕಾರ ರಾಬರ್ಟ್ ಹೋಮ್‌ನ ಚಿತ್ರದ ಪ್ರಿಂಟ್ ಒಂದನ್ನು ತೂಗುಹಾಕಿ: 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಒತ್ತೆಯಾಗಿ ಪಡೆಯುತ್ತಿರುವ ದೃಶ್ಯ. ಗೆದ್ದವನು ಬರೆಸಿದ್ದು ಒಂದು, ಅದೇ ಮನೆತನ ಸೋತಾಗ ಎದುರಾಳಿಯ ಕಡೆಯವನು ಬರೆದದ್ದು ಇನ್ನೊಂದು. ಎರಡರಲ್ಲೂ ಯಾರನ್ನು ನಡುವೆ ಕೂರಿಸಿದ್ದಾರೆ ಎಂದು ಮಕ್ಕಳನ್ನೇ ಕೇಳಿ.