‘ಚಾಂಟ್’ಗೆ ಕನ್ನಡದಲ್ಲಿ ಏನೆನ್ನೋಣ: ಪಠಣವೋ, ಗಾನವೋ, ಧಾಟಿಯೋ?

ಬಲ್ಲವರಲ್ಲಿ ಒಂದು ಪದದ ಪ್ರಶ್ನೆ. ತುಸು ಉದ್ದವಾಗಿದೆ, ದಯವಿಟ್ಟು ಕೊನೆಯವರೆಗೂ ಓದಿ.

ನಮ್ಮ ಸಂಗೀತದ ಕೂಟದಲ್ಲಿ ಬರುವ ತಿಂಗಳು ‘ಎನಿಗ್ಮಾ’ ಮತ್ತು ‘ಗ್ರೆಗೋರಿಯನ್’ ಎಂಬ ಎರಡು ತಂಡಗಳ ಹಾಡುಗಳನ್ನು ಕೇಳಿಸುವವರಿದ್ದೇವೆ. ಎರಡಕ್ಕೂ ನಂಟಿರುವುದು ‘ಗ್ರೆಗೋರಿಯನ್ ಚಾಂಟ್’ಗೆ, ಅಂದರೆ ಕಥೋಲಿಕ ಚರ್ಚಿನ ಪೂಜೆಯಲ್ಲಿ ಲತೀನ್ ಭಾಷೆಯಲ್ಲಿ ಹಾಡುವ ಹಳೆಯ ಹಾಡುಗಾರಿಕೆಗೆ. ಹಂಚುವ ಟಿಪ್ಪಣಿ ಬರೆಯುವುದು ನನ್ನ ಪಾಲಿಗೆ ಬಂದಿದೆ. ‘ಗ್ರೆಗೋರಿಯನ್ ಮಂತ್ರಪಠಣವನ್ನು ಪಾಪ್ ಸಂಗೀತದೊಂದಿಗೆ ಬೆರೆಸಿದವರು’ ಎಂದು ಮೊದಲ ಸಾಲು ಬರೆದೆ. ಮಾರನೆಯ ದಿನ ಓದಿದರೆ ಆ ಸಾಲಿನ ಒಂದೊಂದು ಪದವೂ ತಪ್ಪು ದಾರಿ ತೋರಿಸುತ್ತಿದೆ ಅನ್ನಿಸಿತು.

‘ಗ್ರೆಗೋರಿಯನ್’ನಿಂದಲೇ ಶುರುಮಾಡುತ್ತೇನೆ. ನಮಗೆ ಈ ಪದ ಗೊತ್ತಿರುವುದು ಕ್ಯಾಲೆಂಡರಿನಿಂದ. ಅದು 1582ರಲ್ಲಿ ಪಂಚಾಂಗ ತಿದ್ದಿಸಿದ ಪೋಪ್ ಹದಿಮೂರನೆಯ ಗ್ರೆಗೋರಿಯ ಹೆಸರು. ಹಾಡಿಗೆ ಅಂಟಿದ ಹೆಸರು ಅವನಿಗಿಂತ ಸಾವಿರ ವರ್ಷ ಹಿಂದಿನ ಮೊದಲನೆಯ ಗ್ರೆಗೋರಿಯದು. 590ರಿಂದ 604ರವರೆಗೆ ಪೋಪ್ ಆಗಿದ್ದವನು. ಪಾರಿವಾಳವೊಂದು ಅವನ ಕಿವಿಯಲ್ಲಿ ಈ ರಾಗಗಳನ್ನು ಉಸುರಿತು ಎಂಬ ಕಥೆಯೂ ಇದೆ. ವಿದ್ವಾಂಸರು ಇಂದು ಹೇಳುವುದು ಬೇರೆ: ರೋಮಿನ ಹಾಡುಗಾರಿಕೆ ಮತ್ತು ಫ್ರಾಂಕರ ನಾಡಿನ (ಇಂದಿನ ಫ್ರಾನ್ಸ್, ಜರ್ಮನಿಗಳ ಕಡೆಯ) ಹಾಡುಗಾರಿಕೆ ಎಂಟು, ಒಂಬತ್ತನೆಯ ಶತಮಾನಗಳಲ್ಲಿ ಕೂಡಿಕೊಂಡು ಇದು ಹುಟ್ಟಿತು. ಅಂದರೆ ಇದರ ಮೂಲದಲ್ಲೇ ಒಂದು ಬೆರಕೆ ಇದೆ. ಎರಡು ಗ್ರೆಗೋರಿಗಳ ವಿಚಾರ ಟಿಪ್ಪಣಿಯಲ್ಲಿ ಒಂದು ವಾಕ್ಯವಾದರೂ ಬರಲೇಬೇಕು.

ತೊಡಕಿರುವುದು ‘ಚಾಂಟ್’ನಲ್ಲಿ. ಲತೀನಿನ ‘ಕಾಂತುಸ್’, ಅಂದರೆ ಹಾಡು ಎಂಬುದೇ ಇದರ ಬೇರು. ಆದರೆ ಕನ್ನಡದಲ್ಲಿ ಈ ಪದ ಕಂಡ ಕೂಡಲೇ ‘ಮಂತ್ರ’, ‘ಜಪ’, ‘ಪಠಣ’ ಕೈಗೆ ಬಂದುಬಿಡುತ್ತವೆ. ಜಪ ತುಟಿಯೊಳಗಿನದು, ಎಣಿಕೆಯದು. ಮಂತ್ರದಲ್ಲಿ ಅಕ್ಷರಕ್ಕೇ ಶಕ್ತಿ ಇದೆಯೆಂಬ ನಂಬಿಕೆ ಸೇರಿದೆ. ಇಲ್ಲಿ ಹಾಡುವುದು ಹೆಚ್ಚಾಗಿ ಬೈಬಲಿನ ಕೀರ್ತನೆಗಳನ್ನು, ಪೂಜೆಯ ಪ್ರಾರ್ಥನೆಗಳನ್ನು. ಪಠಣಕ್ಕೆ ರಾಗ ಬೇಕೆಂದೇನಿಲ್ಲ, ಸಹಸ್ರನಾಮ ಪಠಣದಲ್ಲಿ ಯಾರೂ ರಾಗ ಕೇಳುವುದಿಲ್ಲ. ಇನ್ನು ಕ್ರೀಡಾಂಗಣದಲ್ಲಿ ಜನ ಒಟ್ಟಾಗಿ ಕೂಗುವುದಕ್ಕೂ ಇಂಗ್ಲಿಷಿನವರು ಚಾಂಟ್ ಅನ್ನುತ್ತಾರೆ, ನಮ್ಮ ಪತ್ರಿಕೆಗಳು ಅದನ್ನು ‘ಘೋಷಣೆ’ ಎಂದು ಸರಿಯಾಗಿಯೇ ಬರೆಯುತ್ತವೆ. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಇರಬೇಕೆಂಬ ಹಟ ನನಗಿಲ್ಲ. ಈ ಹಾಡಿಗೆ ಒಪ್ಪುವ ಪದ ಸಿಕ್ಕರೆ ಸಾಕು.

ನಮ್ಮ ಸೋದರತ್ತೆ ಗಮಕ ಕಲಿತವರು, ಚಾತುರ್ಮಾಸದಲ್ಲಿ ಇವತ್ತಿಗೂ ಕುಮಾರವ್ಯಾಸ ಭಾರತ ವಾಚನ ಮಾಡುತ್ತಾರೆ. ಹೋದ ವಾರ ಅವರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಎನಿಗ್ಮಾದ 1990ರ ‘ಸೇಡ್‌ನೆಸ್’ ಹಾಡಿನ ಆರಂಭ ಕೇಳಿಸಿದೆ. ಮೊದಲು ಗಂಡಸರ ದನಿ ಮಾತ್ರ: ‘ಪ್ರೊಚೆದಾಮುಸ್ ಇನ್ ಪಾಚೆ’, ಸಮಾಧಾನದಿಂದ ಮುಂದೆ ಸಾಗೋಣ ಎಂದರ್ಥ. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಡ್ರಮ್ಮು ಶುರುವಾದ ಕೂಡಲೇ ಕಣ್ಣು ತೆರೆದು ಕೈ ಎತ್ತಿದರು. “ಇದು ಮಂತ್ರ ಅಲ್ಲ ಕಣೋ, ವಾಚನ. ಮಾತು ಹೇಗೆ ನಡೆಯುತ್ತೋ ರಾಗ ಹಾಗೇ ನಡೀತಿತ್ತು. ಈಗ ಯಾರೋ ಕೆಳಗಿಂದ ತಾಳ ಹಾಕಿಬಿಟ್ಟರು ನೋಡು.”

ನಾನು ಹುಡುಕುತ್ತಿದ್ದ ವಿವರಣೆ ಅದೇ. ಈ ಹಾಡುಗಾರಿಕೆಯಲ್ಲಿ ಪಕ್ಕವಾದ್ಯವಿಲ್ಲ, ಎಲ್ಲರೂ ಕೂಡಿ ಹಾಡುವುದು ಒಂದೇ ರಾಗ, ತಾಳದ ಲೆಕ್ಕವಿಲ್ಲ. ನಾಲ್ಕು ಗೆರೆಗಳ ಮೇಲೆ ಚೌಕ ಚೌಕದ ಗುರುತು ಬರೆಯುತ್ತಾರೆ. ಸ್ವರ ಏರಿತೋ ಇಳಿಯಿತೋ ತಿಳಿಯುತ್ತದೆ, ಎಷ್ಟು ಹೊತ್ತು ಎಂಬುದನ್ನು ಮಾತಿನ ನಡಿಗೆಗೆ ಬಿಟ್ಟಿರುತ್ತಾರೆ. ಗಮಕಿಯೂ ಷಟ್ಪದಿಯನ್ನು ತಾಳಕ್ಕೆ ಕಟ್ಟದೆ ಅರ್ಥ ಬಿಡಿಸಿ ಓದುತ್ತಾನಲ್ಲ, ಹಾಗೆ. ತಾಳವಿಲ್ಲದ ದನಿಯ ಕೆಳಗೆ ತಾಳ ಬಂದು ನಿಂತಿದ್ದೇ ಎನಿಗ್ಮಾದ ಹೊಸತನ. ‘ಪಠಣ’ ಎಂದು ಬರೆದರೆ ಓದುಗರಿಗೆ ಈ ಅಚ್ಚರಿ ತಲುಪುವುದೇ ಇಲ್ಲ.

ಹಾಗಾದರೆ ‘ಗ್ರೆಗೋರಿಯನ್ ಗಮಕ’ ಎನ್ನಬಹುದೇ? ಬೇಡ. ಕರ್ನಾಟಕ ಸಂಗೀತದಲ್ಲಿ ಗಮಕ ಎಂದರೆ ಸ್ವರದ ತೂಗಾಟ, ಇಲ್ಲಿ ಸ್ವರ ನೆಟ್ಟಗೆ ನಿಲ್ಲುತ್ತದೆ. ‘ವಾಚನ’ ಅತ್ತೆಯ ಬಾಯಲ್ಲಿ ಚೆಂದ, ಆದರೆ ವಾಚನಾಲಯ, ಕವಿತಾ ವಾಚನಗಳ ನಡುವೆ ಆ ಪದದಿಂದ ರಾಗ ಸೋರಿಹೋಗಿದೆ. ಸಾಮವೇದವನ್ನು ಹಾಡುವುದಕ್ಕೆ ‘ಸಾಮಗಾನ’ ಎನ್ನುತ್ತೇವಲ್ಲ, ಅದೇ ಜಾಡಿನಲ್ಲಿ ‘ಗ್ರೆಗೋರಿಯನ್ ಗಾನ’ ಎಂದರೆ ನನ್ನ ಕಿವಿಗೆ ಹೊಂದುತ್ತದೆ.

ಆದರೆ ಎರಡನೆಯ ತಂಡದ ಹತ್ತಿರ ಬಂದಾಗ ಇದೂ ಸಾಲದು. ಎನಿಗ್ಮಾದ ಮೈಕೆಲ್ ಕ್ರೆಟು ಬಳಸಿದ್ದು ನಿಜವಾದ ಲತೀನ್ ಗಾನವನ್ನೇ. ಮ್ಯೂನಿಕ್‌ನ ಕಪೆಲ್ಲಾ ಅಂಟಿಕ್ವಾ ಎಂಬ ಗಾಯಕವೃಂದ 1970ರ ದಶಕದಲ್ಲಿ ಧ್ವನಿಮುದ್ರಿಸಿದ್ದ ಗರಿಗಳ ಭಾನುವಾರದ (ಈಸ್ಟರಿಗೆ ಒಂದು ವಾರ ಮುಂಚಿನ ಭಾನುವಾರ) ಮೆರವಣಿಗೆಯ ಹಾಡುಗಳಿಂದ ತುಂಡುಗಳನ್ನು ತೆಗೆದು ಡ್ರಮ್ಮಿನ ಮೇಲೆ ಕೂರಿಸಿದರು. ಅನುಮತಿಯ ವಿಚಾರ ದಾವೆಗೆ ಹೋಗಿ, ಪರಿಹಾರ ಕೊಟ್ಟು ಮುಗಿಯಿತು. ಒಂದು ಗಿಡದ ಕೊಂಬೆ ಕೊಯ್ದು ಇನ್ನೊಂದರ ಕಾಂಡಕ್ಕೆ ಕಟ್ಟಿದಂತಿರುವ ಈ ಕೆಲಸಕ್ಕೆ ‘ಮಿಶ್ರಣ’ ಎನ್ನುವುದಕ್ಕಿಂತ ‘ಕಸಿ’ ಎನ್ನುವುದು ನಿಖರ.

‘ಗ್ರೆಗೋರಿಯನ್’ ತಂಡದ್ದು ಇದಕ್ಕೆ ತಲೆಕೆಳಗು. ಎನಿಗ್ಮಾದ ಮೊದಲ ಆಲ್ಬಮ್ಮಿನಲ್ಲಿ ಜೊತೆಗಿದ್ದ ಫ್ರಾಂಕ್ ಪೀಟರ್ಸನ್ ಕಟ್ಟಿದ ತಂಡ ಇದು. 1999ರಲ್ಲಿ ‘ಮಾಸ್ಟರ್ಸ್ ಆಫ್ ಚಾಂಟ್’ ಆಲ್ಬಮ್ಮಿನೊಂದಿಗೆ ಹೊಸ ದಾರಿ ಹಿಡಿಯಿತು. ಹಾಡುಗಳು ಮೆಟಾಲಿಕಾದವು, ಆರ್.ಇ.ಎಂ. ತಂಡದವು, ಮಾತು ಇಂಗ್ಲಿಷ್. ಗ್ರೆಗೋರಿಯನ್ ಗಾನದ ಒಂದು ರಾಗವನ್ನೂ ಅಲ್ಲಿ ಹುಡುಕಬೇಕಿಲ್ಲ. ಉಳಿದಿರುವುದು ಹಾಡುವ ಬಗೆ: ಗಂಡು ದನಿಗಳ ಒಂದೇ ಎಳೆ, ಚರ್ಚಿನ ಕಲ್ಲುಗೋಡೆಯಿಂದ ಮರಳಿದಂಥ ಅನುರಣನ, ಸನ್ಯಾಸಿಗಳ ನಿಲುವಂಗಿ. ಇದನ್ನು ‘ಗ್ರೆಗೋರಿಯನ್ ಗಾನ’ ಎಂದರೆ ಸುಳ್ಳಾಗುತ್ತದೆ.

ಇಲ್ಲಿ ನನಗೆ ಹೊಳೆದ ಪದ ‘ಧಾಟಿ’. ‘ಇಂಥ ಹಾಡಿನ ಧಾಟಿಯಲ್ಲಿ’ ಎಂದು ಪದಗಳ ತಲೆಯ ಮೇಲೆ ಬರೆಯುವ ರೂಢಿ ನಮ್ಮಲ್ಲಿ ಹಳೆಯದು. ಮಾತು ಬೇರೆ, ಹಾಡುವ ಬಗೆ ಬೇರೆ ಎಂಬ ತಿಳಿವಳಿಕೆ ಆ ಒಂದು ಪದದಲ್ಲಿದೆ. ಎನಿಗ್ಮಾಕ್ಕೆ ‘ಗ್ರೆಗೋರಿಯನ್ ಗಾನದ ಕಸಿ’, ಪೀಟರ್ಸನ್ ತಂಡಕ್ಕೆ ‘ಗ್ರೆಗೋರಿಯನ್ ಧಾಟಿಯ ಪಾಪ್’ ಎಂದು ಬರೆಯಬೇಕೆಂದಿದ್ದೇನೆ. ‘ಮಟ್ಟು’ ಕೂಡ ಮನಸ್ಸಿನಲ್ಲಿತ್ತು. ಆದರೆ ಮಟ್ಟು ಒಂದು ನಿರ್ದಿಷ್ಟ ಹಾಡಿನ ರಾಗವನ್ನು ಹೇಳುತ್ತದೆ. ಧಾಟಿಗೆ ಮಾತಿನ ಧಾಟಿ, ಬರಹದ ಧಾಟಿ ಎನ್ನುವಷ್ಟು ವಿಸ್ತಾರ ಇದೆ. ಯಕ್ಷಗಾನ ಬಲ್ಲವರು ಇದನ್ನು ಒಪ್ಪದಿದ್ದರೆ ದಯವಿಟ್ಟು ತಿದ್ದಿ.

ಕೊನೆಯದಾಗಿ, ಮುಖ್ಯವಾಗಿ ಕೇಳಬೇಕಾದದ್ದು ಕಥೋಲಿಕ ಮನೆತನದವರನ್ನು. 1960ರ ದಶಕದಲ್ಲಿ ಪೂಜೆ ಕನ್ನಡಕ್ಕೆ ಬರುವ ತನಕ ನಮ್ಮ ನಾಡಿನ ಲತೀನ್ ಪದ್ಧತಿಯ ಚರ್ಚುಗಳಲ್ಲೂ ಪೂಜೆ ಲತೀನಿನಲ್ಲೇ ನಡೆಯುತ್ತಿತ್ತು. ಆ ಹಾಡುಗಳನ್ನು ಬಾಯಿಪಾಠ ಮಾಡಿ ಹಾಡಿದ ಹಿರಿಯರು ಮನೆಮಾತಿನಲ್ಲಿ ಅದಕ್ಕೆ ಏನೆನ್ನುತ್ತಿದ್ದರು? ‘ಲತೀನ್ ಹಾಡು’ ಎಂದಷ್ಟೆಯೋ, ಹಾಡುವ ಬಗೆಗೇ ಒಂದು ಹೆಸರಿತ್ತೋ? ನಿಮ್ಮ ಅಜ್ಜಿಯೋ ತಾತನೋ ಆಡಿದ ಮಾತು ನೆನಪಿದ್ದರೆ ಅದನ್ನು ಹಾಗೆಯೇ ಬರೆದು ತಿಳಿಸಿ. ಅಂಥ ಪದವೊಂದು ಸಿಕ್ಕರೆ ನನ್ನ ಗಾನ, ಧಾಟಿಗಳನ್ನು ಬಿಟ್ಟು ಅದನ್ನೇ ಟಿಪ್ಪಣಿಯಲ್ಲಿ ಹಾಕುತ್ತೇನೆ.